ಅಣ್ಣನಿಗೆ ಬೈಪೋಲಾರ್ ಎಂದಿದ್ದಾರೆ. ಚಿಕಿತ್ಸೆಯ ವಿಷಯದಲ್ಲಿ ಯಾರ ಮಾತು ನಂಬುವುದು?

ತಿಪಟೂರಿನ ತಂಗಿ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ 28 ವರ್ಷ. ಬೇಸಿಗೆಯಲ್ಲಿ ಇದ್ದಕ್ಕಿದ್ದ ಹಾಗೆ ನಿದ್ದೆ ಬಿಟ್ಟ. ಮಧ್ಯರಾತ್ರಿ ಎದ್ದು ಕೂತು, ಕೊಬ್ಬರಿ ಎಕ್ಸ್‌ಪೋರ್ಟ್ ಮಾಡುತ್ತೇನೆ ಅಂತ ಲೆಕ್ಕ ಬರೆಯುತ್ತಿದ್ದ. ಊರಲ್ಲಿ ಸಿಕ್ಕವರ ಹತ್ತಿರವೆಲ್ಲ ಸಾಲ ಎತ್ತಿದ. ಬೇಡ ಅಂದವರ ಮೇಲೆ ಕೈ ಎತ್ತುವಷ್ಟು ಸಿಟ್ಟು. ಕೊನೆಗೆ ಆಸ್ಪತ್ರೆಗೆ ಸೇರಿಸಿದೆವು. ಈಗ ಮನೆಗೆ ಬಂದಿದ್ದಾನೆ. ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿಎಡಿ ಎಂದು ಬರೆದಿದ್ದಾರೆ, ಅಂದರೆ ಮನಸ್ಸು ಅತಿಯಾಗಿ ಏರಿ ಇಳಿಯುವ ಬೈಪೋಲಾರ್ ಕಾಯಿಲೆ. ಲಿಥಿಯಂ ಕೊಟ್ಟಿದ್ದಾರೆ, ರಾತ್ರಿಗೆ ಒಲಾಂಜಪಿನ್.

ಡಾಕ್ಟರ್ ಒಳ್ಳೆಯವರೇ. ಆದರೆ ಓಪಿಡಿಯಲ್ಲಿ ನಮ್ಮ ಹಿಂದೆ ಅಷ್ಟು ಜನ ನಿಂತಿರುತ್ತಾರೆ. ಕೇಳಬೇಕು ಅಂದುಕೊಂಡಿದ್ದು ಬಾಯಿಗೆ ಬರುವಷ್ಟರಲ್ಲಿ ಹೊರಗೆ ಬಂದಿರುತ್ತೇವೆ. ಮನೆಗೆ ಬಂದರೆ ಒಬ್ಬೊಬ್ಬರದು ಒಂದೊಂದು ಮಾತು. ಲಿಥಿಯಂ ತಿಂದರೆ ಕಿಡ್ನಿ ಹೋಗುತ್ತದೆ ಎನ್ನುವ ವಿಡಿಯೊ ಅಮ್ಮನ ವಾಟ್ಸಾಪ್‌ಗೆ ಬಂದಿದೆ. ಮೂರು ತಿಂಗಳಲ್ಲಿ ಬುಡಸಮೇತ ಗುಣ ಮಾಡುತ್ತೇವೆ ಅಂತ ಇನ್ನೊಬ್ಬರು. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ನಮ್ಮ ಸೋದರಮಾವ. ಕನ್ನಡದಲ್ಲಿ ಸರಿಯಾಗಿ, ಹೆದರಿಸದೆ, ಏನೂ ಮಾರದೆ ಹೇಳುವ ಜಾಗ ಇದ್ದರೆ ದಯವಿಟ್ಟು ತಿಳಿಸಿ.

ಗಣಿತದ ಮೇಷ್ಟ್ರು

ತಂಗೀ, ನಾನು ಲಿಥಿಯಂ ಮೇಲಿರುವವನು. ಬಹಳ ವರ್ಷ ಆಯಿತು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ, ಸಂಸಾರ ಇದೆ. ಮೊದಲು ಅಮ್ಮನಿಗೆ ಇಷ್ಟು ಹೇಳು: ಕಾಯಿಲೆಗೆ ಚಿಕಿತ್ಸೆ ಇದೆ, ನಿಮ್ಮಣ್ಣನಿಗೆ ಕೊಟ್ಟಿರುವ ಔಷಧಿ ನಿನ್ನೆ ಮೊನ್ನೆ ಬಂದಿದ್ದಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರ್ ಇದನ್ನು ಉನ್ಮಾದಕ್ಕೆ, ಅಂದರೆ ನಿಮ್ಮಣ್ಣನಿಗೆ ಬೇಸಿಗೆಯಲ್ಲಿ ಬಂದಂಥ ಏರಿಕೆಗೆ, ಕೊಟ್ಟು ನೋಡಿದ್ದು. ಅಲ್ಲಿಂದ ಇಲ್ಲಿಯವರೆಗೆ ಇದರ ಗುಣ, ದೋಷ ಎರಡನ್ನೂ ಜಗತ್ತು ನೋಡಿದೆ. ಮತ್ತೆ ಮತ್ತೆ ಏರುಪೇರಾಗುವುದನ್ನು ತಡೆಯುವುದರಲ್ಲಿ, ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲಿ ಇದಕ್ಕೆ ಇರುವಷ್ಟು ಪುರಾವೆ ಈ ಕಾಯಿಲೆಯ ಬೇರೆ ಔಷಧಿಗಳಿಗೆ ಕಡಿಮೆ.

ನಂಬುವ ಮಾಹಿತಿ ಯಾವುದು ಅಂತ ಕೇಳಿದೆ. ನಾನು ಎರಡು ವಿಷಯ ನೋಡುತ್ತೇನೆ. ಒಂದು, ಇದನ್ನು ಓದಿ ನಿಮ್ಮ ಡಾಕ್ಟರನ್ನು ಕೇಳಿ ಅನ್ನುತ್ತದಾ, ಅಥವಾ ಡಾಕ್ಟರ್ ಹತ್ತಿರ ಹೋಗಲೇಬೇಡಿ ಅನ್ನುತ್ತದಾ? ಎರಡು, ಔಷಧಿಯಿಂದ ಆಗುವ ತೊಂದರೆ ಹೇಳಿ, ಆ ತೊಂದರೆಯನ್ನು ಮೊದಲೇ ಹಿಡಿಯುವುದು ಹೇಗೆ ಅಂತಲೂ ಹೇಳುತ್ತದಾ? ಬರೀ ಒಳ್ಳೆಯದನ್ನೇ ಹೇಳುವ ಪುಟವನ್ನೂ ನಂಬಬೇಡ, ಬರೀ ಹೆದರಿಸುವ ವಿಡಿಯೊವನ್ನೂ ನಂಬಬೇಡ.

ಆ ಕಿಡ್ನಿ ವಿಡಿಯೊ ತೆಗೆದುಕೊ. ಪೂರ್ತಿ ಸುಳ್ಳಲ್ಲ. ಲಿಥಿಯಂ ಹಲವು ವರ್ಷ ತೆಗೆದುಕೊಂಡವರಲ್ಲಿ ಕೆಲವರಿಗೆ ಮೂತ್ರಪಿಂಡದ ಕೆಲಸ ಕುಗ್ಗುತ್ತದೆ. ಥೈರಾಯ್ಡ್ ಕಡಿಮೆಯಾಗಬಹುದು. ಬಾಯಾರಿಕೆ, ಕೈ ಸಣ್ಣಗೆ ನಡುಗುವುದು ಸಾಮಾನ್ಯ. ವಿಡಿಯೊದಲ್ಲಿ ಬಿಟ್ಟಿರುವುದು ಉಳಿದರ್ಧ. ಅದಕ್ಕೇ ರಕ್ತ ಪರೀಕ್ಷೆ ಮಾಡಿಸುವುದು. ಲಿಥಿಯಂ ಮಟ್ಟ ಸಾಮಾನ್ಯವಾಗಿ 0.6ರಿಂದ 0.8, ಕೆಲವರಿಗೆ 1.0ವರೆಗೆ ಇರುವಂತೆ ನೋಡಿಕೊಳ್ಳುತ್ತಾರೆ. 1.5 ದಾಟಿದರೆ ವಿಷವಾಗುವ ಅಪಾಯ. ಜೊತೆಗೆ ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್, ಥೈರಾಯ್ಡ್, ಕ್ಯಾಲ್ಸಿಯಂ ಆರು ತಿಂಗಳಿಗೊಮ್ಮೆ. ಥೈರಾಯ್ಡ್ ಕಮ್ಮಿಯಾದರೆ ಅದಕ್ಕೆ ಮಾತ್ರೆ ಇದೆ. ಕ್ರಿಯಾಟಿನಿನ್ ಏರತೊಡಗಿದರೆ ಡಾಕ್ಟರ್ ಡೋಸ್ ಇಳಿಸುತ್ತಾರೆ, ಅಥವಾ ಬೇರೆ ಔಷಧಿಗೆ ಬದಲಾಯಿಸುತ್ತಾರೆ. ಪರೀಕ್ಷೆ ಮಾಡಿಸದೆ ವರ್ಷಗಟ್ಟಲೆ ಅದೇ ಚೀಟಿ ತೋರಿಸಿ ಮಾತ್ರೆ ತರುತ್ತಾರಲ್ಲ, ಅಂಥವರ ವಿಷಯದಲ್ಲಿ ನನಗೆ ನಿಜವಾಗಿ ಭಯವಾಗುತ್ತದೆ.

ಹಸಿರುಮನೆ

ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಅಕ್ಕನ ಮಗನಿಗೂ ಇದೇ ಕಾಯಿಲೆ. ಇಂಗ್ಲಿಷ್ ಮಾತ್ರೆ ತಿಂದು ಮೈ ಊದಿಕೊಂಡು, ದಿನವಿಡೀ ಮಲಗಿರುತ್ತಿದ್ದ. ಎಲ್ಲ ನಿಲ್ಲಿಸಿ ಯೋಗ, ಪಥ್ಯ, ಅಶ್ವಗಂಧ ಶುರುಮಾಡಿದರು. ಈಗ ಚೆನ್ನಾಗಿದ್ದಾನೆ. ಜೀವನಪೂರ್ತಿ ಮಾತ್ರೆ ಅನ್ನುವುದು ಕಂಪನಿಗಳಿಗೆ ಲಾಭ ಅಲ್ವಾ?

ಗಣಿತದ ಮೇಷ್ಟ್ರು

ನಿಮ್ಮ ಹುಡುಗ ಚೆನ್ನಾಗಿದ್ದಾನೆ ಅನ್ನುವುದು ಕೇಳಿ ಸಂತೋಷ. ಚೆನ್ನಾಗಿಯೇ ಇರಲಿ. ಆದರೆ ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬೈಪೋಲಾರ್ ಅನ್ನುವುದು ಬಂದು ಹೋಗುವ ಕಾಯಿಲೆ. ಉನ್ಮಾದ ಬರುತ್ತದೆ, ವಾರಗಳೋ ತಿಂಗಳುಗಳೋ ಇದ್ದು ಇಳಿಯುತ್ತದೆ. ಖಿನ್ನತೆ ಬರುತ್ತದೆ, ಅದೂ ಒಂದು ದಿನ ಕಳೆಯುತ್ತದೆ. ನಡುವೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಏನೂ ಇರುವುದಿಲ್ಲ. ಏನೂ ಮಾಡದಿದ್ದರೂ ಆ ನಡುಗಾಲ ಬರುತ್ತದೆ. ಈಗ ಯೋಚಿಸಿ. ಕಾಯಿಲೆ ಜೋರಾಗಿರುವಾಗಲೇ ಮನೆಯವರು ಕಂಗಾಲಾಗಿ ಹೊಸ ದಾರಿ ಹುಡುಕುವುದು. ದೇವರಿಗೆ ಹರಕೆ ಹೊರುತ್ತಾರೆ, ತಾಯಿತ ಕಟ್ಟಿಸುತ್ತಾರೆ, ಪುಡಿ ಕೊಡಿಸುತ್ತಾರೆ, ಮದುವೆ ಮಾಡುತ್ತಾರೆ. ಸ್ವಲ್ಪ ದಿನಕ್ಕೆ ಅಲೆ ತಾನಾಗಿ ಇಳಿಯುತ್ತದೆ. ಹೆಸರು ಮಾತ್ರ ಕೊನೆಗೆ ಮಾಡಿದ್ದಕ್ಕೆ ಬರುತ್ತದೆ. ಆಮೇಲೆ ಆ ಮನೆಯವರೇ ಪ್ರಾಮಾಣಿಕವಾಗಿ ಇನ್ನೊಂದು ಮನೆಗೆ ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೂ ಮಾಹಿತಿ ತಪ್ಪು.

ಅದಕ್ಕೇ ಒಬ್ಬರ ಅನುಭವ, ನನ್ನದೂ ಸೇರಿ, ಚಿಕಿತ್ಸೆಗೆ ಪುರಾವೆ ಆಗುವುದಿಲ್ಲ. ನಾನು ಲಿಥಿಯಂನಲ್ಲಿ ಚೆನ್ನಾಗಿದ್ದೇನೆ ಅಂದ ಮಾತ್ರಕ್ಕೆ ಅದು ತಿಪಟೂರಿನ ಹುಡುಗನಿಗೆ ಸರಿ ಅಂತ ಆಗುವುದಿಲ್ಲ. ನೂರಾರು ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ ಒಂದು ಔಷಧಿ, ಇನ್ನೊಂದಕ್ಕೆ ಮತ್ತೊಂದು ಕೊಟ್ಟು, ವರ್ಷಗಟ್ಟಲೆ ಕಾದು ನೋಡಬೇಕು.

ಲೀಡ್ಸ್ ಕನ್ನಡಿಗ

ಮೇಷ್ಟ್ರು ಹೇಳಿದ್ದಕ್ಕೆ ನಿಜವಾದ ಉದಾಹರಣೆ ಇದೆ. ನಾನು ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ. ಬ್ಯಾಲೆನ್ಸ್ ಎಂಬ ಅಧ್ಯಯನ 2010ರಲ್ಲಿ ಪ್ರಕಟವಾಯಿತು. 330 ಜನರನ್ನು ಮೂರು ಗುಂಪು ಮಾಡಿದರು. ಬರೀ ಲಿಥಿಯಂ, ಬರೀ ವಾಲ್ಪ್ರೊಯೇಟ್ (ಇದೇ ಕಾಯಿಲೆಗೆ ಕೊಡುವ ಇನ್ನೊಂದು ಔಷಧಿ), ಎರಡೂ ಸೇರಿಸಿ. ಎರಡು ವರ್ಷದವರೆಗೆ ಗಮನಿಸಿದರು. ಕಾಯಿಲೆ ಮರುಕಳಿಸಿ ಹೊಸದಾಗಿ ಚಿಕಿತ್ಸೆ ಬೇಕಾದವರು ವಾಲ್ಪ್ರೊಯೇಟ್ ಗುಂಪಿನಲ್ಲಿ 69%, ಲಿಥಿಯಂ ಗುಂಪಿನಲ್ಲಿ 59%, ಎರಡೂ ಕೊಟ್ಟ ಗುಂಪಿನಲ್ಲಿ 54%.

ಈ ಅಂಕಿ ನೋಡಿ ಗಾಬರಿ ಆಗಬೇಡಿ. ಎರಡು ಮಾತು ತಿಳಿಯುತ್ತದೆ. ಲಿಥಿಯಂ ಇದ್ದವರಿಗೆ ಬರೀ ವಾಲ್ಪ್ರೊಯೇಟ್ ತೆಗೆದುಕೊಂಡವರಿಗಿಂತ ಮೇಲು. ಹಾಗೇ, ಒಳ್ಳೆಯ ಔಷಧಿ ಇದ್ದರೂ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮಧ್ಯೆ ಒಮ್ಮೆ ಏರುಪೇರಾಯಿತು. ಆದ್ದರಿಂದ ನಾಳೆ ನಿಮ್ಮಣ್ಣನಿಗೆ ಮತ್ತೆ ಸ್ವಲ್ಪ ಏರುಪೇರಾದರೆ ಔಷಧಿ ದಂಡ ಅಂತ ಬಿಸಾಡಬೇಡಿ. ಡೋಸ್ ಸರಿಮಾಡಿಸಬೇಕಾದ ಸಮಯ ಅದು. ನೂರಕ್ಕೆ ನೂರು ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ಇಂಥ ಅಂಕಿ ಇಲ್ಲ ಅಂತಲೇ ಅರ್ಥ.

ಓದುವುದಕ್ಕೆ: ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿಯವರು 2017ರಲ್ಲಿ ಬೈಪೋಲಾರ್ ಚಿಕಿತ್ಸೆಗೆ ಮಾರ್ಗಸೂಚಿ ತಂದಿದ್ದಾರೆ. ನಮ್ಮ ದೇಶದ ಡಾಕ್ಟರುಗಳಿಗಾಗಿಯೇ ಬರೆದದ್ದು. ಅವರ ಪತ್ರಿಕೆಯ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯದು 2014ರದು, ಆಮೇಲೆ ತಿದ್ದಿದ್ದಾರೆ. ಅದರಲ್ಲಿ ರೋಗಿಗಳಿಗೆ ಅಂತಲೇ ಸುಲಭ ಭಾಷೆಯ ಭಾಗ ಇದೆ. ಕೆನಡಾದ ಕ್ಯಾನ್‌ಮ್ಯಾಟ್ 2018ರದು, ಯಾವ ಔಷಧಿಗೆ ಎಷ್ಟು ಪುರಾವೆ ಎಂದು ದರ್ಜೆ ಕೊಡುತ್ತದೆ. ಮೂರೂ ಇಂಗ್ಲಿಷಿನಲ್ಲಿವೆ. ಓದಲು ಕಷ್ಟವಾದ ಭಾಗ ಇಲ್ಲಿ ಹಾಕಿ, ನಾನು ಕನ್ನಡದಲ್ಲಿ ಹೇಳುತ್ತೇನೆ. ಮೊಬೈಲಿನ ಅನುವಾದದ ಗುಂಡಿ ಒತ್ತಿ ಮಾತ್ರೆಯ ಪ್ರಮಾಣ ಮಾತ್ರ ಓದಬೇಡಿ. ಒಂದು ಚುಕ್ಕಿ ಆಚೀಚೆ ಆದರೂ ಕೆಲಸ ಕೆಡುತ್ತದೆ.

ಮೆಡಿಕಲ್ ಶಾಪ್, ಶಿವಮೊಗ್ಗ

ಅಂಗಡಿಯವನಾಗಿ ಒಂದು ಮಾತು. ಇದನ್ನು ಯಾರೂ ಕೇಳುವುದಿಲ್ಲ, ನಾವೂ ಕೆಲವು ಸಲ ಹೇಳುವುದಿಲ್ಲ.

ಲಿಥಿಯಂ ತೆಗೆದುಕೊಳ್ಳುವವರು ಮಂಡಿನೋವಿಗೆ, ಹಲ್ಲುನೋವಿಗೆ ಕೌಂಟರಿನಲ್ಲಿ ಸುಮ್ನೆ ಪೇನ್‌ಕಿಲ್ಲರ್ ಕೇಳುತ್ತಾರೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಇಂಥವು ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಬಿಪಿ ಮಾತ್ರೆಗಳಲ್ಲೂ ಹಾಗೇ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್, ಮತ್ತೆ ಹೈಡ್ರೋಕ್ಲೋರೋಥಯಾಜೈಡ್ ಎಂಬ ನೀರಿನ ಮಾತ್ರೆ. ಟೆಲ್ಮಿಸಾರ್ಟನ್ ಜೊತೆ ಅದು ಸೇರಿಕೊಂಡೇ ಬರುವ ಮಾತ್ರೆಗಳು ನಮ್ಮಲ್ಲಿ ಬಹಳ. ಸ್ಟ್ರಿಪ್ ಮೇಲೆ ದೊಡ್ಡದಾಗಿ ಕಂಪನಿ ಹೆಸರು ಇರುತ್ತದೆ, ಒಳಗಿರುವ ಔಷಧಿಯ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ. ಆ ಸಣ್ಣ ಅಕ್ಷರ ಓದಿ. ಬೇರೆ ಡಾಕ್ಟರ್ ಬಿಪಿಗೆ ಬರೆದುಕೊಟ್ಟರೆ, ನಾನು ಲಿಥಿಯಂ ತಿನ್ನುತ್ತೇನೆ ಅಂತ ಬಾಯಿಬಿಟ್ಟು ಹೇಳಬೇಕು. ನಾಚಿಕೆಪಟ್ಟು ಮುಚ್ಚಿಡುವವರೇ ಜಾಸ್ತಿ, ಅದರಿಂದಲೇ ತೊಂದರೆ.

ಇನ್ನೊಂದು, ಲಿಥಿಯಂನಲ್ಲಿ ಸಾಮಾನ್ಯ ಮಾತ್ರೆ ಬೇರೆ, ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆ ಬೇರೆ. ಅಂಗಡಿಯಲ್ಲಿ ಒಂದು ಇಲ್ಲ ಅಂತ ಇನ್ನೊಂದು ಕೊಟ್ಟರೆ ತೆಗೆದುಕೊಳ್ಳಬೇಡಿ.

ಧಾರವಾಡದ ಸಿಸ್ಟರ್

ನಾನು ಮಾನಸಿಕ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ರಿಟೈರ್ ಆದವಳು. ತಿಪಟೂರಿನ ತಂಗೀ, ಇದನ್ನು ಕಾಗದದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿಕೋ ಮಗಳೇ. ವಾಂತಿ, ಭೇದಿ ಜೋರಾದರೆ, ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ಕುಡಿದವರ ಹಾಗೆ ನಡಿಗೆ ತಪ್ಪಿದರೆ, ಮಂಕಾಗಿ ಬಿದ್ದುಕೊಂಡರೆ, ಅದು ಲಿಥಿಯಂ ಜಾಸ್ತಿಯಾದ ಸೂಚನೆ ಇರಬಹುದು. ಮುಂದಿನ ಮಾತ್ರೆ ಕೊಡಬೇಡ. ಬೆಳಗಾಗಲಿ ಅಂತ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಲಿಥಿಯಂ ಅಂತ ಮೊದಲ ಮಾತಿಗೇ ಹೇಳು.

ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಲಿಥಿಯಂ ಏರುತ್ತದೆ. ಬೇಸಿಗೆ ಜಾತ್ರೆಯಲ್ಲಿ ಇಡೀ ದಿನ ಬಿಸಿಲು, ನೀರು ಕುಡಿಯದ ಉಪವಾಸ, ರೋಜಾ, ಯಾರೋ ಹೇಳಿದರು ಅಂತ ಉಪ್ಪಿಲ್ಲದ ಊಟ, ಇದೆಲ್ಲ ಡಾಕ್ಟರಿಗೆ ಹೇಳದೆ ಮಾಡಬಾರದು.

ಇನ್ನು ಅಶ್ವಗಂಧದ ಮಾತು ಬಂತು. ಹಸಿರುಮನೆ ಅಣ್ಣಾ, ಯೋಗ ಬೇಡ ಅಂತ ಯಾರೂ ಅನ್ನುವುದಿಲ್ಲ. ನಿಮ್ಹಾನ್ಸ್‌ನಲ್ಲೇ ಯೋಗ, ಆಯುರ್ವೇದ ಸೇರಿದ ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗ ಇದೆ. ಅವರು ಮಾತ್ರೆ ಬಿಡಿಸಿ ಯೋಗ ಹೇಳಿಕೊಡುವುದಿಲ್ಲ, ಜೊತೆಯಲ್ಲಿ ಹೇಳಿಕೊಡುತ್ತಾರೆ. ಅಶ್ವಗಂಧ ಥೈರಾಯ್ಡನ್ನು ಏರುಪೇರು ಮಾಡಬಹುದು, ಲಿಥಿಯಂ ಇರುವವರಿಗೆ ಮೊದಲೇ ಥೈರಾಯ್ಡಿನ ಚಿಂತೆ. ಹೆಸರಿಲ್ಲದ ಭಸ್ಮಗಳಲ್ಲಿ ಸೀಸ, ಪಾದರಸ ಇರುವುದುಂಟು, ಅವು ಮೂತ್ರಪಿಂಡಕ್ಕೇ ಏಟು. ಏನು ಕೊಡುತ್ತಿದ್ದೀರೋ ಆ ಡಬ್ಬಿಯನ್ನೇ ಡಾಕ್ಟರಿಗೆ ತೋರಿಸಿ.

ಮತ್ತೆ ನಿಮ್ಮ ಹುಡುಗ ಮೈ ಊದಿ ಮಲಗಿರುತ್ತಿದ್ದ ಅಂದಿರಲ್ಲ, ಅದು ಸಣ್ಣ ದೂರು ಅಲ್ಲ. ಒಲಾಂಜಪಿನ್‌ನಂಥ ಮಾತ್ರೆಗೆ ತೂಕ ಏರುತ್ತದೆ, ಸಕ್ಕರೆ ಏರುತ್ತದೆ, ನಿದ್ದೆ ಎಳೆಯುತ್ತದೆ. ಅದನ್ನು ಹೇಳಿದರೆ ಬದಲಾಯಿಸಲು ಬೇರೆ ಔಷಧಿಗಳಿವೆ. ಎಷ್ಟೋ ಮನೆಯವರು ಹೇಳದೆ ಪೂರ್ತಿ ಬಿಟ್ಟುಬಿಡುತ್ತಾರೆ. ಲಿಥಿಯಂ ಒಮ್ಮೆಲೇ ಬಿಟ್ಟರೆ ಉನ್ಮಾದ ಮರಳುವ ಅಪಾಯ ಜಾಸ್ತಿ. ನಿಲ್ಲಿಸಲೇಬೇಕಾದಾಗ ಡಾಕ್ಟರುಗಳೇ ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳು ತೆಗೆದುಕೊಂಡು ಇಳಿಸುತ್ತಾರೆ.

ಹಸಿರುಮನೆ

ಸಿಸ್ಟರ್, ತೂಕದ ವಿಷಯ ಡಾಕ್ಟರಿಗೆ ನಾವು ಹೇಳಲೇ ಇಲ್ಲ. ಹೇಳಿದರೆ ಬೈಯುತ್ತಾರೆ ಅನ್ನುವ ಅಳುಕು. ಈಗ ಅವನು ಏನೂ ತೆಗೆದುಕೊಳ್ಳುತ್ತಿಲ್ಲ. ಅಕ್ಕನಿಗೆ ನಿಮ್ಮ ಮಾತು ಓದಿಸುತ್ತೇನೆ.

ಧಾರವಾಡದ ಸಿಸ್ಟರ್

ಓದಿಸಿ. ಚೆನ್ನಾಗಿರುವಾಗಲೇ ಒಮ್ಮೆ ತೋರಿಸಿಕೊಂಡು ಬರಲಿ. ನಿದ್ದೆ ಕಡಿಮೆಯಾದರೂ ದಣಿವೇ ಇಲ್ಲದ ಹಾಗೆ ಓಡಾಡತೊಡಗಿದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ.

ಕಾವೇರಿ ತೀರ

ನನ್ನದೊಂದು ಪ್ರಶ್ನೆ, ದಯವಿಟ್ಟು. ನನಗೆ 26. ಸೋಡಿಯಂ ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದೇನೆ. ಮದುವೆ ಗೊತ್ತಾಗಿದೆ. ಮಕ್ಕಳ ವಿಷಯ ಡಾಕ್ಟರ್ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಮ್ಮ ಜೊತೆಗಿದ್ದಳು, ಕೇಳಲು ಸಂಕೋಚವಾಯಿತು.

ಲೀಡ್ಸ್ ಕನ್ನಡಿಗ

ಅಮ್ಮಾ, ಈ ವಾರವೇ ಕೇಳಿ. ಗರ್ಭ ನಿಂತ ಮೇಲೆ ಕೇಳುವ ವಿಷಯ ಇದಲ್ಲ. ಗರ್ಭದಲ್ಲಿ ವಾಲ್ಪ್ರೊಯೇಟ್ ತಗುಲಿದ ಮಕ್ಕಳಲ್ಲಿ ಹತ್ತರಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಅಂಗದ ದೋಷ, ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಕಲಿಕೆ, ಬೆಳವಣಿಗೆಯ ತೊಂದರೆ ಕಂಡುಬಂದಿದೆ. ಬ್ರಿಟನ್ನಿನಲ್ಲಿ 2024ರ ಜನವರಿಯಲ್ಲಿ, 55 ವರ್ಷದೊಳಗಿನ ಯಾರಿಗೂ, ಗಂಡಸಾಗಲಿ ಹೆಂಗಸಾಗಲಿ, ಇಬ್ಬರು ತಜ್ಞರು ಬೇರೆ ದಾರಿ ಇಲ್ಲ ಎಂದು ಒಪ್ಪದೆ ಇದನ್ನು ಹೊಸದಾಗಿ ಶುರುಮಾಡುವಂತಿಲ್ಲ ಎಂಬ ನಿಯಮ ತಂದರು. ಫೋಲಿಕ್ ಆಸಿಡ್ ತೆಗೆದುಕೊಂಡರೆ ಈ ಅಪಾಯ ಹೋಗುತ್ತದೆ ಅಂತಲ್ಲ.

ಆದರೆ ಇದನ್ನು ಓದಿದ ಕೂಡಲೇ ಮಾತ್ರೆ ನಿಲ್ಲಿಸಬೇಡಿ. ಬದಲಿ ಔಷಧಿಗಳಿವೆ, ಬದಲಾಯಿಸಲು ಸಮಯ ಬೇಕು. ಉದಾಹರಣೆಗೆ ಲ್ಯಾಮೋಟ್ರಿಜಿನ್. ಗರ್ಭದ ಮಟ್ಟಿಗೆ ಅದರ ಅಪಾಯ ಬಹಳ ಕಡಿಮೆ. ಅದು ಖಿನ್ನತೆ ಮರುಕಳಿಸುವುದನ್ನು ತಡೆಯುವುದರಲ್ಲಿ ಮುಂದು, ಉನ್ಮಾದಕ್ಕೆ ಅಷ್ಟು ಬಲವಿಲ್ಲ. ಅದನ್ನು ಬಹಳ ನಿಧಾನವಾಗಿ ಏರಿಸಬೇಕು. ಅವಸರ ಮಾಡಿದರೆ ಜೀವಕ್ಕೇ ಕುತ್ತಾಗುವ ಚರ್ಮದ ಗುಳ್ಳೆ ಏಳಬಹುದು, ವಾಲ್ಪ್ರೊಯೇಟ್ ಜೊತೆಯಲ್ಲಿದ್ದರೆ ಇನ್ನೂ ನಿಧಾನ. ನಿಮಗೆ ಯಾವುದು ಸರಿ ಅನ್ನುವುದು ನಿಮ್ಮ ಹಳೆಯ ಏರುಪೇರುಗಳು ಹೇಗಿದ್ದವು ಅನ್ನುವುದರ ಮೇಲೆ ನಿಲ್ಲುತ್ತದೆ. ಅಮ್ಮನನ್ನು ಹೊರಗೆ ಕೂರಿಸಿ, ಡಾಕ್ಟರ್ ಹತ್ತಿರ ಐದು ನಿಮಿಷ ಒಬ್ಬರೇ ಮಾತನಾಡಿ. ಅದು ನಿಮ್ಮ ಹಕ್ಕು. ಹೆರಿಗೆಯಾದ ಮೊದಲ ವಾರಗಳಲ್ಲಿ ಕಾಯಿಲೆ ಮರಳುವ ಅಪಾಯ ಜಾಸ್ತಿ, ಅದಕ್ಕೂ ಈಗಲೇ ಯೋಜನೆ ಬೇಕು.

ನಿರ್ವಾಹಕರು

ಸದಸ್ಯರಲ್ಲಿ ವಿನಂತಿ. ಎಷ್ಟು ಮಿಲಿಗ್ರಾಂ ತೆಗೆದುಕೊಳ್ಳಬೇಕು ಅಂತ ಇಲ್ಲಿ ಯಾರೂ ಹೇಳಬೇಡಿ, ಯಾರೂ ಕೇಳಬೇಡಿ. ಡಾಕ್ಟರ್, ಆಸ್ಪತ್ರೆಗಳ ಮೇಲಿನ ದೂರನ್ನು ಹೆಸರು ಹಾಕಿ ಬರೆಯಬೇಡಿ.

ತಿಪಟೂರಿನ ತಂಗಿ

ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಅವರು ಕೇಳಿದ್ದು, ಪ್ರತಿ ಸಲ ಬೆಂಗಳೂರಿಗೇ ಹೋಗಬೇಕಾ ಅಂತ. ಇನ್ನೊಂದು ಕಷ್ಟ ಇದೆ. ಅಣ್ಣ ಈಗ ನನಗೇನೂ ಇಲ್ಲ, ನನಗ್ಯಾಕೆ ಮಾತ್ರೆ ಅನ್ನುತ್ತಾನೆ. ಅಮ್ಮ ಕಾಫಿಯಲ್ಲಿ ಕರಗಿಸಿ ಕೊಡೋಣ ಅನ್ನುತ್ತಾರೆ.

ಬಳ್ಳಾರಿ ಬಿಸಿಲು

ಸಮಾಜಕಾರ್ಯಕರ್ತೆ ನಾನು. ಬೆಂಗಳೂರಿಗೇ ಹೋಗಬೇಕು ಅಂತ ಇಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದ್ದನ್ನು 1996ರಿಂದ ದೇಶಕ್ಕೆ ವಿಸ್ತರಿಸಿದರು. ಈಗ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಮಂಗಳವಾರದ ಕ್ಲಿನಿಕ್ ನಡೆಸುತ್ತಾರೆ. ನಿಮ್ಮ ತಾಲೂಕಿನಲ್ಲಿ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಲಿಥಿಯಂ, ವಾಲ್ಪ್ರೊಯೇಟ್ ಎರಡೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಲು ಹಿಂಜರಿಯಬೇಡಿ.

ಹೊತ್ತಲ್ಲದ ಹೊತ್ತಲ್ಲಿ ಸಂದೇಹ ಬಂದರೆ ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತನಾಡುತ್ತಾರೆ. ವಾಟ್ಸಾಪ್ ವಿಡಿಯೊ ನಿಜವೋ ಸುಳ್ಳೋ ಅಂತ ಕೇಳಲಿಕ್ಕೂ ಮಾಡಬಹುದು. ಓದಲು ಬೇಕಾದರೆ ವೈಟ್ ಸ್ವಾನ್ ಫೌಂಡೇಶನ್ನಿನ ಕನ್ನಡ ಲೇಖನಗಳಿವೆ, ನಿಮ್ಹಾನ್ಸ್ ನೆರವಿನಿಂದ ಮಾಡಿದ್ದು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಬರಹ ನಮ್ಮ ಊರಿನ ಗ್ರಂಥಾಲಯಗಳಲ್ಲೂ ಸಿಗುತ್ತದೆ. ಕಾಯಿಲೆ ಅಂದರೇನು ಅಂತ ಅಮ್ಮನಿಗೆ ತಿಳಿಸಲು ಬಹಳ ಒಳ್ಳೆಯದು. ಹಳೆಯ ಮುದ್ರಣವಾದರೆ ಔಷಧಿಯ ವಿಷಯ ಮಾತ್ರ ಈಗಿನ ಡಾಕ್ಟರನ್ನು ಕೇಳಿಕೊಳ್ಳಿ.

ಕಾಫಿಯಲ್ಲಿ ಕರಗಿಸುವುದು ಖಂಡಿತ ಬೇಡ. ಎಸ್‌ಆರ್ ಮಾತ್ರೆಯಾದರೆ ಪುಡಿ ಮಾಡುವುದೇ ಅಪಾಯ. ಅದಕ್ಕಿಂತ ಹೆಚ್ಚಾಗಿ, ಒಂದು ದಿನ ಗೊತ್ತಾದರೆ ನಿಮ್ಮ ಕೈಯಿಂದ ನೀರೂ ಕುಡಿಯುವುದಿಲ್ಲ.

ಗಣಿತದ ಮೇಷ್ಟ್ರು

ಈ ಕೊನೆಯ ಮಾತಿಗೆ ನಾನು ಸೇರಿಸುತ್ತೇನೆ. ನನ್ನ ಕಾಯಿಲೆಯ ಬಗ್ಗೆ ಮನೆಯವರೆಲ್ಲ ಓದುತ್ತಿದ್ದರು, ಮಾತಾಡುತ್ತಿದ್ದರು, ನನ್ನನ್ನು ಬಿಟ್ಟು. ಅದು ಬಹಳ ನೋವು ಕೊಟ್ಟಿತ್ತು. ತಂಗೀ, ಈ ಚರ್ಚೆಯನ್ನು ಅಣ್ಣನ ಕೈಗೆ ಕೊಡು. ಅವನೇ ಓದಲಿ. ಕೋಪ ಬಂದರೆ ಬರಲಿ.

ಉನ್ಮಾದ ನೆನಪಿನಲ್ಲಿ ಕೆಟ್ಟದ್ದಾಗಿ ಉಳಿಯುವುದಿಲ್ಲ. ಆ ಹೊತ್ತಿನಲ್ಲಿ ಮೈಯಲ್ಲಿ ಬೇಕಾದಷ್ಟು ಬಲ, ತಲೆಯಲ್ಲಿ ಬೇಕಾದಷ್ಟು ಯೋಚನೆ. ಮಾತ್ರೆ ಅದನ್ನು ಕಿತ್ತುಕೊಂಡಿತು ಅನ್ನಿಸುತ್ತದೆ. ಮಾತ್ರೆ ಯಾಕೆ ಬೇಕು ಅಂತ ನಿನಗೆ ಅನ್ನಿಸಿದ್ದನ್ನು ಹೇಳಬೇಡ. ಅವನಿಗೆ ಏನು ಬೇಕು ಅಂತ ಕೇಳು. ಸಾಲ ತೀರಿಸಬೇಕಾ, ಕೆಲಸಕ್ಕೆ ಮರಳಬೇಕಾ? ಅದಕ್ಕೆ ನಿದ್ದೆ, ಮಾತ್ರೆ ಹೇಗೆ ನೆರವಾಗುತ್ತವೆ ಅಂತ ಡಾಕ್ಟರ್ ಎದುರಲ್ಲೇ ಮಾತಾಡಿ.

ಮತ್ತೆ, ಇಂಟರ್‌ನೆಟ್ಟಿನಲ್ಲಿ ಸಿಗದ ಮಾಹಿತಿ ಒಂದಿದೆ, ಅದನ್ನು ನೀವೇ ಬರೆಯಬೇಕು. ಒಂದು ನೋಟ್‌ಬುಕ್ ತಗೊಳ್ಳಿ. ದಿನಕ್ಕೊಂದು ಗೆರೆ. ತಾರೀಖು, ಎಷ್ಟು ಗಂಟೆ ನಿದ್ದೆ, ಮಾತ್ರೆ ತಗೊಂಡೆನಾ, ಮನಸ್ಸು ಸೊನ್ನೆಯಿಂದ ಮೇಲಾ ಕೆಳಗಾ. ನಾನು ಮೈನಸ್ ಮೂರರಿಂದ ಪ್ಲಸ್ ಮೂರರವರೆಗೆ ಹಾಕುತ್ತೇನೆ. ಕೊನೆಗೆ ಒಂದು ಸಣ್ಣ ಮಾತು, ಜಗಳ ಆಯಿತು, ಊರಿಗೆ ಹೋಗಿದ್ದೆ, ಹೀಗೆ. ಅಣ್ಣನೇ ಬರೆಯಬೇಕು. ನನ್ನ ಪುಸ್ತಕದಲ್ಲಿ ನಿದ್ದೆ ಏಳು ಗಂಟೆಯಿಂದ ಐದಕ್ಕೆ, ಐದರಿಂದ ನಾಲ್ಕಕ್ಕೆ ಇಳಿದು, ಪಕ್ಕದ ಅಂಕಿ ಪ್ಲಸ್ ಒಂದು, ಪ್ಲಸ್ ಎರಡು ಅಂತ ಏರುವುದು ಕಂಡರೆ ನಾನೇ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಡಾಕ್ಟರ್ ಆ ಪುಟದ ಮೇಲೆ ಕಣ್ಣಾಡಿಸಲು ಅರ್ಧ ನಿಮಿಷ ಸಾಕು. ಓಪಿಡಿಯಲ್ಲಿ ಸಮಯ ಸಾಲದು ಅಂದೆಯಲ್ಲ, ಅದಕ್ಕೆ ನನಗೆ ಗೊತ್ತಿರುವ ಮದ್ದು ಇದೇ. ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿ. ಮೊದಲ ಎರಡು ಪ್ರಶ್ನೆ ಮುಖ್ಯವಾದವೇ ಇರಲಿ.

ಬಳ್ಳಾರಿ ಬಿಸಿಲು

ಮೇಷ್ಟ್ರು ಹೇಳಿದ ಪುಸ್ತಕಕ್ಕೂ ಪುರಾವೆ ಇದೆ. ಬಾರ್ಸಿಲೋನಾದಲ್ಲಿ ಕೊಲೋಮ್ ಮತ್ತು ಅವರ ತಂಡ 120 ರೋಗಿಗಳೊಂದಿಗೆ ಮಾಡಿದ ಅಧ್ಯಯನ 2003ರಲ್ಲಿ ಬಂತು. ಔಷಧಿ ಎಲ್ಲರಿಗೂ ಇತ್ತು. ಅರ್ಧ ಜನಕ್ಕೆ ಜೊತೆಗೆ 21 ಪಾಠ. ಕಾಯಿಲೆಯ ಮೊದಲ ಸುಳಿವು ಗುರುತಿಸುವುದು, ನಿದ್ದೆಯ ಹೊತ್ತು ಕಾಯುವುದು, ಮಾತ್ರೆ ತಪ್ಪಿಸದಿರುವುದು, ಇಂಥವು. ಇನ್ನರ್ಧ ಜನ ಅಷ್ಟೇ ಸಲ ಗುಂಪಾಗಿ ಕೂತು ಸುಮ್ನೆ ಮಾತಾಡಿದರು. ಪಾಠ ಕೇಳಿದವರಲ್ಲಿ ಕಾಯಿಲೆ ಮರಳಿದ್ದು ಕಡಿಮೆ. ಅಂದರೆ ಸರಿಯಾದ ಮಾಹಿತಿಯೇ ಚಿಕಿತ್ಸೆಯ ಭಾಗ.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ಮೈಕಾಯಿಲೆಗೆ ಕೊಡುವ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಅದೇ ಕಾಯ್ದೆಯಲ್ಲಿ, ಚೆನ್ನಾಗಿರುವಾಗ ನನಗೆ ಮುಂದೆ ಹೇಗೆ ಚಿಕಿತ್ಸೆ ಬೇಕು, ಹೇಗೆ ಬೇಡ ಅಂತ ಬರೆದಿಡುವ ಅವಕಾಶ ಇದೆ. ಅಣ್ಣನ ಜೊತೆ ಕೂತು ಇದನ್ನು ಮಾಡಿ. ದೊಡ್ಡ ಮೊತ್ತ ತೆಗೆಯುವುದಾದರೆ ನಿನ್ನನ್ನೋ ಅಮ್ಮನನ್ನೋ ಕೇಳುತ್ತೇನೆ ಅಂತ ಅವನೇ ಒಪ್ಪಿದರೆ ಅದನ್ನೂ ಬರೆದುಕೊಳ್ಳಿ.

ಧಾರವಾಡದ ಸಿಸ್ಟರ್

ಯಾರೂ ಎತ್ತದ ಮಾತು ಒಂದು ಹೇಳಲೇಬೇಕು. ಉನ್ಮಾದ ಇಳಿದ ಮೇಲೆ ಖಿನ್ನತೆ ಬರುವುದುಂಟು. ಸಾಲಗಾರರು ಮನೆ ಬಾಗಿಲಿಗೆ ಬರುವುದೂ ಆಗಲೇ. ಅವನು ಮಾತು ಕಡಿಮೆ ಮಾಡಿದರೆ, ಬದುಕಿ ಏನು ಪ್ರಯೋಜನ ಅಂದರೆ, ನೇರವಾಗಿ ಕೇಳು, ಸಾಯುವ ಯೋಚನೆ ಬರುತ್ತಿದೆಯಾ ಅಂತ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಲಿಥಿಯಂ ಒಟ್ಟಿಗೆ ನುಂಗಿದರೆ ಪ್ರಾಣಕ್ಕೆ ಅಪಾಯ. ಈ ಮೊದಲ ತಿಂಗಳುಗಳಲ್ಲಿ ಮಾತ್ರೆ ಡಬ್ಬಿ ನಿನ್ನ ಹತ್ತಿರ ಇರಲಿ. ಯಾಕೆ ಅಂತ ಅವನಿಗೆ ಹೇಳಿಯೇ ಇಟ್ಟುಕೋ. ಆಗ ಖಿನ್ನತೆ ಅಂತ ಬೇರೆ ಯಾವುದೋ ಕ್ಲಿನಿಕ್ಕಿಗೆ ಹೋಗಿ ಬರೀ ಖಿನ್ನತೆಯ ಮಾತ್ರೆ ಬರೆಸಿಕೊಂಡು ಬರಬೇಡಿ. ಬೈಪೋಲಾರ್ ಇರುವವರಿಗೆ ಅದೊಂದನ್ನೇ ಕೊಟ್ಟರೆ ಮತ್ತೆ ಉನ್ಮಾದಕ್ಕೆ ತಿರುಗಬಹುದು. ಹಳೆಯ ಫೈಲು ತೋರಿಸಲೇಬೇಕು.

ತಿಪಟೂರಿನ ತಂಗಿ

ಅಣ್ಣನಿಗೆ ಓದಲು ಕೊಟ್ಟೆ. ಎರಡು ದಿನ ಮಾತಾಡಲಿಲ್ಲ. ಇವತ್ತು ಅವನೇ ಎರಡು ಪ್ರಶ್ನೆ ಬರೆದುಕೊಟ್ಟಿದ್ದಾನೆ, ಇಲ್ಲಿ ಕೇಳು ಅಂತ. ರಕ್ತ ಪರೀಕ್ಷೆಯ ದಿನ ಬೆಳಗಿನ ಮಾತ್ರೆ ತೆಗೆದುಕೊಳ್ಳಬೇಕಾ? ರಾತ್ರಿ ಮಾತ್ರೆ ಮರೆತರೆ ಬೆಳಿಗ್ಗೆ ಎರಡು ಸೇರಿಸಿ ತೆಗೆದುಕೊಳ್ಳಬಹುದಾ?

ಮೆಡಿಕಲ್ ಶಾಪ್, ಶಿವಮೊಗ್ಗ

ಅಣ್ಣನಿಗೆ ನೇರವಾಗಿ ಹೇಳುತ್ತೇನೆ. ಕೊನೆಯ ಲಿಥಿಯಂ ಮಾತ್ರೆ ತೆಗೆದುಕೊಂಡು 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ರಾತ್ರಿ ಎಂಟೂವರೆಗೆ ತೆಗೆದುಕೊಂಡರೆ ಬೆಳಿಗ್ಗೆ ಎಂಟೂವರೆಗೆ ಲ್ಯಾಬ್. ಬೆಳಗಿನ ಮಾತ್ರೆ ಜೇಬಿನಲ್ಲಿರಲಿ, ರಕ್ತ ಕೊಟ್ಟ ಮೇಲೆ ನುಂಗಿ. ಮೊದಲೇ ನುಂಗಿದರೆ ಅಂಕಿ ಸುಮ್ನೆ ಜಾಸ್ತಿ ತೋರಿಸುತ್ತದೆ, ಡಾಕ್ಟರ್ ಡೋಸ್ ತಪ್ಪಾಗಿ ಇಳಿಸಿಬಿಡಬಹುದು. ಲ್ಯಾಬಿನವರಿಗೆ ಎಷ್ಟು ಹೊತ್ತಿಗೆ ಮಾತ್ರೆ ತೆಗೆದುಕೊಂಡಿರಿ ಅಂತ ಹೇಳಿ, ರಿಪೋರ್ಟಿನ ಮೇಲೆ ನೀವೇ ಬರೆದುಕೊಳ್ಳಿ.

ರಾತ್ರಿಯದು ಮರೆತರೆ ಬೆಳಿಗ್ಗೆ ಎರಡು ಸೇರಿಸಬೇಡಿ. ಮರೆತದ್ದನ್ನು ಬಿಟ್ಟು, ಮುಂದಿನದನ್ನು ಅದರ ಹೊತ್ತಿಗೆ ತೆಗೆದುಕೊಳ್ಳಿ. ತಪ್ಪಿದ್ದನ್ನು ಪುಸ್ತಕದಲ್ಲಿ ಗುರುತು ಹಾಕಿ. ಎರಡು ಮೂರು ದಿನ ಸತತ ತಪ್ಪಿದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ.